ಆದಾಯ ಮಿತಿ: ನಮ್ಮ ಮಕ್ಕಳಿಗೆ ನ್ಯಾಯ ಸಿಗುತ್ತಿದೆಯೇ?



ಸಂಘದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ. "ಅವರಿಗೆ ಬಿಪಿಎಲ್ ಕಾರ್ಡ್ ಇದೆ, ನಮಗೆ ಯಾಕಿಲ್ಲ? ಅವರೂ ಕೂಲಿಗೆ ಹೋಗ್ತಾರೆ, ನಾವೂ ಹೋಗ್ತೀವಿ." ಈ ಮಾತಿನಿಂದ ಸಂಘದೊಳಗೇ ಮನಸ್ತಾಪ ಆಗುವುದೂ ಉಂಟು. ಆದರೆ ತಪ್ಪು ಹೆಚ್ಚಾಗಿ ಪಕ್ಕದ ಮನೆಯವಳದ್ದಲ್ಲ. ಸರ್ಕಾರ ಹಾಕಿದ ಗೆರೆಯಲ್ಲೇ ತೊಂದರೆ ಇದೆ. ಅದು ಏನು ಅಂತ ಈ ಸಲ ತಿಳಿದುಕೊಳ್ಳೋಣ.

ಆದಾಯ ಮಿತಿ ಎಂದರೇನು?

ಸರ್ಕಾರದ ಸೌಲಭ್ಯ ಯಾರಿಗೆ ಸಿಗಬೇಕು, ಯಾರಿಗೆ ಬೇಡ ಎಂದು ನಿರ್ಧರಿಸಲು ವರ್ಷದ ಆದಾಯಕ್ಕೆ ಒಂದು ಗಡಿ ಹಾಕುತ್ತಾರೆ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯ 1,20,000 ರೂಪಾಯಿ ಮೀರಬಾರದು. ಜಮೀನು, ಸ್ವಂತ ಕಾರು ಮುಂತಾದ ಬೇರೆ ಷರತ್ತುಗಳೂ ಇವೆ. ಈ ಕಾರ್ಡ್ ಬರೀ ಅಕ್ಕಿಗಲ್ಲ. 2006-07ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಯೋಜನೆ ಬಿಪಿಎಲ್ ಕುಟುಂಬದ ಹೆಣ್ಣುಮಕ್ಕಳಿಗೆ ಮಾತ್ರ, ಅದೂ ಒಂದು ಮನೆಯಲ್ಲಿ ಇಬ್ಬರಿಗೆ. ಅಂದರೆ ಕಾರ್ಡ್ ಇಲ್ಲದಿದ್ದರೆ ಅಕ್ಕಿಯ ಜೊತೆಗೆ ಮಗಳ ಹೆಸರಿನ ಹಣವೂ ಹೋಯಿತು.

ಲೆಕ್ಕ ಹಾಕಿ ನೋಡೋಣ

1,20,000 ರೂಪಾಯಿ ಎಂದರೆ ತಿಂಗಳಿಗೆ 10,000. ಗಂಡ ಹೆಂಡತಿ ಇಬ್ಬರೂ ದಿನಕ್ಕೆ 250 ರೂಪಾಯಿಯಂತೆ ತಿಂಗಳಲ್ಲಿ 20 ದಿನ ಕೂಲಿ ಮಾಡಿದರೆ ಅಲ್ಲಿಗೇ ಮಿತಿ ತುಂಬಿತು. 400 ರೂಪಾಯಿ ಕೂಲಿ ಸಿಕ್ಕಿದರೆ ವರ್ಷಕ್ಕೆ 1,92,000 ಆಗುತ್ತದೆ. ಇವರನ್ನು ಶ್ರೀಮಂತರು ಅಂತ ಯಾರಾದರೂ ಹೇಳ್ತಾರಾ?

ಇನ್ನು ಎರಡು ಮನೆಗಳನ್ನು ಇಟ್ಟುಕೊಳ್ಳೋಣ. ಮೊದಲ ಮನೆಯಲ್ಲಿ ಗಂಡ, ಹೆಂಡತಿ, ಒಂದು ಮಗು. ವರ್ಷದ ಆದಾಯ 1,18,000. ಎರಡನೇ ಮನೆಯಲ್ಲಿ ಗಂಡ, ಹೆಂಡತಿ, ಮೂರು ಮಕ್ಕಳು, ವಯಸ್ಸಾದ ಅತ್ತೆ. ಆದಾಯ 1,26,000. ಮೊದಲ ಮನೆಯಲ್ಲಿ ಒಬ್ಬೊಬ್ಬರ ಪಾಲಿಗೆ ತಿಂಗಳಿಗೆ ಸುಮಾರು 3,280 ರೂಪಾಯಿ ಬರುತ್ತದೆ. ಎರಡನೇ ಮನೆಯಲ್ಲಿ ಬರೀ 1,750. ಹೆಚ್ಚು ಕಷ್ಟ ಎರಡನೇ ಮನೆಗೆ. ಆದರೆ ಗೆರೆಯಿಂದ ಹೊರಗೆ ಬೀಳುವುದೂ ಅದೇ ಮನೆ! ಮನೆಗೆ ಎಷ್ಟು ಬಂತು ಅಂತ ಮಿತಿ ನೋಡುತ್ತದೆ. ಎಷ್ಟು ತಟ್ಟೆ ಇಡಬೇಕು ಅಂತ ನೋಡುವುದಿಲ್ಲ.

ಗೆರೆಯ ಇತರ ದೋಷಗಳು

* ಗೆರೆಗೆ ಒಂದು ರೂಪಾಯಿ ಕಡಿಮೆ ಇದ್ದರೆ ಎಲ್ಲವೂ ಉಂಟು, ಒಂದು ರೂಪಾಯಿ ಜಾಸ್ತಿಯಾದರೆ ಏನೂ ಇಲ್ಲ. ನಾಲ್ಕು ದಿನ ಹೆಚ್ಚು ಕೂಲಿ ಸಿಕ್ಕಿದ್ದೇ ತಪ್ಪಾಗಿಬಿಡುತ್ತದೆ.

* ಎಣ್ಣೆ, ಬೇಳೆ, ಬಸ್ ಫೀಸು ಎಲ್ಲ ಏರುತ್ತವೆ. ಮಿತಿ ಮಾತ್ರ ವರ್ಷಗಟ್ಟಲೆ ಇದ್ದಲ್ಲೇ ಇರುತ್ತದೆ.

* ನೌಕರಿಯವರಿಗೆ ಸಂಬಳದ ಚೀಟಿ ಇದೆ. ಕೂಲಿಯವರ, ಬೀಡಿ ಕಟ್ಟುವವರ, ಮೀನು ಮಾರುವವರ ಆದಾಯಕ್ಕೆ ಕಾಗದ ಎಲ್ಲಿದೆ? ಅಂದಾಜಿನ ಮೇಲೆ ಬರೆಯುತ್ತಾರೆ. ಆಗ ನಿಜ ಹೇಳಿದವರು ಹೊರಗೆ, ಮುಚ್ಚಿಟ್ಟವರು ಒಳಗೆ ಆಗಬಹುದು.

ಈ ತೊಂದರೆ ನಮ್ಮಲ್ಲಿ ಮಾತ್ರ ಇಲ್ಲ. ಬ್ರಿಟನ್ನಿನಲ್ಲಿ ಮಕ್ಕಳಿರುವ ಕುಟುಂಬಗಳಿಗೆ ಸರ್ಕಾರ ಮಕ್ಕಳ ಭತ್ಯೆ ಕೊಡುತ್ತದೆ. 2013ರಲ್ಲಿ ಅಲ್ಲಿ ಹೊಸ ನಿಯಮ ತಂದರು. ತಂದೆ ತಾಯಿಯರಲ್ಲಿ ಒಬ್ಬರ ಆದಾಯ 50,000 ಪೌಂಡ್ ದಾಟಿದರೆ ಭತ್ಯೆ ಕಡಿತ ಶುರು, 60,000 ಆದರೆ ಪೂರ್ತಿ ವಾಪಸ್. ಆದರೆ ಇಬ್ಬರೂ 49,000ದಂತೆ ಒಟ್ಟು 98,000 ದುಡಿದರೆ ಪೂರಾ ಭತ್ಯೆ! ಒಬ್ಬಳೇ ದುಡಿದು ಮಕ್ಕಳನ್ನು ಸಾಕುವ ತಾಯಿಗೆ ಇದು ಅನ್ಯಾಯ ಎಂದು ಬಹಳ ಟೀಕೆ ಬಂತು. 2024ರಲ್ಲಿ ಕಡಿತ ಶುರುವಾಗುವ ಗಡಿಯನ್ನು 60,000ಕ್ಕೆ ಏರಿಸಿದರು. ಆದರೂ ಒಬ್ಬರ ಆದಾಯವನ್ನೇ ನೋಡುವ ಪದ್ಧತಿ ಉಳಿಯಿತು.

ಹಾಗಾದರೆ ಮಿತಿಯೇ ಬೇಡವೇ?

"ಕಾರಿನಲ್ಲಿ ಓಡಾಡುವವರಿಗೂ ಕೊಟ್ಟರೆ ನಮಗೆ ಏನು ಉಳಿಯುತ್ತೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸರ್ಕಾರದ ಹಣಕ್ಕೂ ಮಿತಿ ಇದೆ. ಆದರೆ ಎರಡು ವಿಷಯ ಯೋಚಿಸಿ.

ಒಂದು, ಮಗುವಿನ ಊಟ, ಆರೋಗ್ಯ, ಪಾಠ. ಇದಕ್ಕೆ ಗೆರೆ ಬೇಡ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಬಿಸಿಯೂಟದ ಸಾಲಿನಲ್ಲಿ ಯಾರೂ ಕಾರ್ಡ್ ಕೇಳುವುದಿಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲಿಗೂ ಕೇಳುವುದಿಲ್ಲ, ಅಂಗನವಾಡಿಯ ಆಹಾರಕ್ಕೂ ಕೇಳುವುದಿಲ್ಲ. ಬಡವರ ಮಗು, ಉಳ್ಳವರ ಮಗು ಎಂಬ ಹಣೆಪಟ್ಟಿ ಅಲ್ಲಿಲ್ಲ. ಮೂರು ವರ್ಷದ ಮಗುವಿಗೆ ಸಿಗಬೇಕಾದ ಪೌಷ್ಟಿಕಾಂಶವನ್ನು ಕಾಗದ ಸರಿಯಾದ ಮೇಲೆ, ಅದು ಎಂಟು ವರ್ಷದವನಾದಾಗ ಕೊಟ್ಟರೆ ಏನು ಪ್ರಯೋಜನ?

ಎರಡು, ನಗದು ಹಣ. ಇಲ್ಲಿ ಮಿತಿ ಇರಲಿ. ಆದರೆ ಬಡವರನ್ನು ಒಬ್ಬೊಬ್ಬರಾಗಿ ಸೋಸುವುದಕ್ಕಿಂತ ಚೆನ್ನಾಗಿ ಉಳ್ಳವರನ್ನು ಹೊರಗಿಡುವುದು ಸುಲಭ. 2023ರ ಗೃಹಲಕ್ಷ್ಮಿ ಯೋಜನೆಯಲ್ಲಿ ಎಪಿಎಲ್ ಕಾರ್ಡಿನ ಮನೆಯೊಡತಿಗೂ ಅರ್ಹತೆ ಇತ್ತು. ಆದಾಯ ತೆರಿಗೆ, ಜಿಎಸ್‌ಟಿಯ ಮನೆಗಳನ್ನು ಮಾತ್ರ ಹೊರಗಿಟ್ಟರು. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿಯ ಗದ್ದಲ ಎದ್ದಾಗಲೂ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು.

ಗೆರೆ ಹಾಕಲೇಬೇಕಾದರೆ ಮನೆಮಂದಿಯ ಸಂಖ್ಯೆ ನೋಡಲಿ. ಬೆಲೆ ಏರಿದಂತೆ ಮಿತಿಯೂ ಏರಲಿ. ಗೆರೆ ದಾಟಿದವರಿಗೆ ಒಮ್ಮೆಲೇ ನಿಲ್ಲಿಸದೆ ಹಂತ ಹಂತವಾಗಿ ಕಡಿಮೆ ಮಾಡಲಿ. ಇದು ನಾವು ಕೇಳಬೇಕಾದ ನ್ಯಾಯ.

ನಾವೇನು ಮಾಡಬಹುದು?

1. ಬಿಪಿಎಲ್ ಇಲ್ಲ ಎಂದರೆ ಏನೂ ಇಲ್ಲ ಎಂದು ಸುಮ್ಮನೆ ಕೂರಬೇಡಿ. ಒಂದೊಂದು ಯೋಜನೆಗೆ ಒಂದೊಂದು ಮಿತಿ ಇದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ನಂತರದ ಕೇಂದ್ರ ವಿದ್ಯಾರ್ಥಿವೇತನಕ್ಕೆ 2.5 ಲಕ್ಷ. ಮಾತೃವಂದನಾ ಯೋಜನೆಗೆ ಬಿಪಿಎಲ್ ಕಾರ್ಡ್ ಇಲ್ಲದಿದ್ದರೂ 8 ಲಕ್ಷದೊಳಗಿನ ಆದಾಯ ಪತ್ರ ನಡೆಯುತ್ತದೆ. ಕೇಳಿ ತಿಳಿದುಕೊಳ್ಳಿ.

2. ಆದಾಯ ಪ್ರಮಾಣ ಪತ್ರವನ್ನು ಶಾಲೆ ಶುರುವಾಗುವ ಮೊದಲೇ ನಾಡಕಚೇರಿಯಲ್ಲಿ ಮಾಡಿಸಿ. ಹಳೆಯದಿದ್ದರೆ ಅವಧಿ ಮುಗಿದಿದೆಯೇ ನೋಡಿ.

3. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ತಪ್ಪದೆ ಪಡೆಯಿರಿ. ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. 2011ರ ಸಕಾಲ ಕಾನೂನಿನಲ್ಲಿ ಮೇಲ್ಮನವಿಗೆ ಅವಕಾಶವಿದೆ.

4. ಸುಳ್ಳು ಆದಾಯ ಬರೆಸಬೇಡಿ. ಸಿಕ್ಕಿಬಿದ್ದರೆ ಪಡೆದ ಸೌಲಭ್ಯಕ್ಕೂ ಕುತ್ತು ಬರುತ್ತದೆ.

5. ಗೆರೆಯಿಂದ ಹೊರಗೆ ಬಿದ್ದ ಮನೆಗಳ ಪಟ್ಟಿಯನ್ನು ಸಂಘದಲ್ಲೇ ಮಾಡಿ. ಆದಾಯದ ಜೊತೆ ಮನೆಮಂದಿಯ ಸಂಖ್ಯೆಯನ್ನೂ ಬರೆಯಿರಿ. ಗ್ರಾಮಸಭೆಯಲ್ಲಿ ಓದಿ, ನಡಾವಳಿಯಲ್ಲಿ ಬರೆಸಿ.

ಒಬ್ಬಳು ಹೋಗಿ ಕೇಳಿದರೆ "ನಾಳೆ ಬಾಮ್ಮ" ಅಂತಾರೆ. ಇಪ್ಪತ್ತು ಜನ ಲೆಕ್ಕ ಹಿಡಿದು ಹೋದರೆ ಕೂರಿಸಿ ಮಾತಾಡ್ತಾರೆ.

ಮುಂದಿನ ಸಭೆಯಲ್ಲಿ ಚರ್ಚಿಸಿ

* ನಮ್ಮ ಸಂಘದಲ್ಲಿ ಒಬ್ಬೊಬ್ಬರ ಪಾಲಿಗೆ ಲೆಕ್ಕ ಹಾಕಿದರೆ ನಿಜವಾಗಿ ಕಷ್ಟದಲ್ಲಿರುವ ಮನೆ ಯಾವುದು? ಆ ಮನೆಯ ಮಕ್ಕಳಿಗೆ ಏನು ಸಿಗುತ್ತಿದೆ?

* ವಿಧವೆ, ಗಂಡ ಬಿಟ್ಟುಹೋದ ಸಹೋದರಿಯರ ಕಾರ್ಡ್ ಬೇರೆ ಆಗಿದೆಯೇ?

* ನಮ್ಮೂರಿನ ಗ್ರಾಮಸಭೆ ಯಾವಾಗ? ಮಾತಾಡುವವರು ಯಾರು?