ಒಂದೇ ಹಾರ್ಮೋನು, ಕಾಂಡಕ್ಕೊಂದು ಅಳತೆ, ಬೇರಿಗೊಂದು ಅಳತೆ

ಮೊಳಕೆಯೊಡೆದ ಅವರೆ ಸಸಿಯನ್ನು ಕತ್ತಲಲ್ಲಿ ಅಡ್ಡಲಾಗಿ ಮಲಗಿಸಿಟ್ಟರೆ ಕೆಲವೇ ಗಂಟೆಗಳಲ್ಲಿ ಅದರ ಕಾಂಡ ಮೇಲಕ್ಕೆ ಬಾಗುತ್ತದೆ, ಬೇರು ಕೆಳಕ್ಕೆ ತಿರುಗುತ್ತದೆ. ಶಾಲೆಯ ಪಾಠದಲ್ಲಿ ಇದನ್ನು ಓದಿ ಮುಂದೆ ಹೋಗುತ್ತೇವೆ. ಆದರೆ ಇಲ್ಲೊಂದು ನಿಜವಾದ ಒಗಟಿದೆ. ಎರಡೂ ತಿರುವುಗಳ ಹಿಂದಿರುವುದು ಆಕ್ಸಿನ್ ಎಂಬ ಒಂದೇ ಹಾರ್ಮೋನು. ಕಾಂಡದಲ್ಲಾಗಲಿ ಬೇರಿನಲ್ಲಾಗಲಿ ಅದು ಹೆಚ್ಚು ಸೇರುವುದು ನೆಲದ ಕಡೆಯ ಮಗ್ಗುಲಲ್ಲೇ. ಹಾಗಿದ್ದೂ ಫಲ ಮಾತ್ರ ತದ್ವಿರುದ್ಧ!

ಉತ್ತರ ಅಡಗಿರುವುದು ಪ್ರಮಾಣದಲ್ಲಿ. ಕಾಂಡದ ಜೀವಕೋಶಗಳು ಚೆನ್ನಾಗಿ ಉದ್ದವಾಗಲು ಲೀಟರಿಗೆ ಸುಮಾರು ಒಂದೆರಡು ಮಿಲಿಗ್ರಾಂ ಆಕ್ಸಿನ್ ಬೇಕು. ಬೇರಿಗೆ ಇದರ ಸಾವಿರಾರು ಪಾಲು ಕಡಿಮೆ ಸಾಕು. ಹತ್ತು ಲಕ್ಷ ಲೀಟರ್ ನೀರಿನಲ್ಲಿ ಗ್ರಾಂನ ಐದನೇ ಒಂದು ಭಾಗವೂ ಇಲ್ಲದಷ್ಟು ತೆಳು ದ್ರಾವಣಕ್ಕೂ ಬೇರು ಸ್ಪಂದಿಸುತ್ತದೆ. ಕಾಂಡವನ್ನು ಹುರಿದುಂಬಿಸುವ ಪ್ರಮಾಣ ಬೇರಿನ ಪಾಲಿಗೆ ವಿಪರೀತ, ಅದರ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹೀಗಾಗಿ ಮಲಗಿದ ಕಾಂಡದ ಕೆಳಮಗ್ಗುಲು ಬೇಗ ಬೆಳೆದು ತುದಿಯನ್ನು ಮೇಲಕ್ಕೆತ್ತುತ್ತದೆ. ಬೇರಿನ ಕೆಳಮಗ್ಗುಲು ನಿಧಾನವಾಗುತ್ತದೆ, ಮೇಲ್ಮಗ್ಗುಲು ಮುಂದೋಡಿ ತುದಿಯನ್ನು ಕೆಳಕ್ಕೆ ಬಾಗಿಸುತ್ತದೆ. ಬೇರು, ಮೊಗ್ಗು, ಕಾಂಡ ಮೂರಕ್ಕೂ ಬೇರೆಬೇರೆ ಅಳತೆ ಹಿತವೆಂದು ಸಸ್ಯವಿಜ್ಞಾನಿ ಕೆನೆತ್ ಥೀಮನ್ 1937ರಲ್ಲೇ ವಿವರಿಸಿದ್ದರು.

ಅದಕ್ಕೂ ಮುಂಚೆ, 1920ರ ದಶಕದಲ್ಲಿ, ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಆಕ್ಸಿನ್ನನ್ನು ಅಳೆಯುವ ದಾರಿ ಹುಡುಕಿದ್ದರು. ಓಟ್ಸ್ ಮೊಳಕೆಯ ತುದಿಗಳನ್ನು ಕತ್ತರಿಸಿ ಅಗಾರ್ ಎಂಬ ಜೆಲ್ಲಿಯಂಥ ಪದಾರ್ಥದ ತುಂಡಿನ ಮೇಲಿಟ್ಟರು. ತುದಿಯಿಂದ ಇಳಿದ ಹಾರ್ಮೋನು ಅಗಾರ್‌ನಲ್ಲಿ ಸೇರಿಕೊಂಡಿತು. ಆ ಅಗಾರನ್ನು ತುದಿಯಿಲ್ಲದ ಮೊಳಕೆಯ ಒಂದು ಪಕ್ಕಕ್ಕೆ ಕೂರಿಸಿದಾಗ ಮೊಳಕೆ ಇನ್ನೊಂದು ಪಕ್ಕಕ್ಕೆ ಬಾಗಿತು. ಹಾರ್ಮೋನು ಹೆಚ್ಚಿದಷ್ಟೂ ಬಾಗು ಹೆಚ್ಚಿತು, ಆದರೆ ಒಂದು ಮಿತಿಯವರೆಗೆ ಮಾತ್ರ. ಇಷ್ಟು ಸರಳ ಸಲಕರಣೆಯಿಂದ ಕಣ್ಣಿಗೆ ಕಾಣದ್ದನ್ನು ಅಳೆದ ಈ ಪ್ರಯೋಗ ಸಸ್ಯವಿಜ್ಞಾನದ ಅತ್ಯಂತ ಸುಂದರ ಪ್ರಯೋಗಗಳಲ್ಲೊಂದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಹೆಚ್ಚಾದರೆ ಕೆಡುವುದೇಕೆ? ಕಾಂಡದಲ್ಲಿ ಆಕ್ಸಿನ್ ಜೀವಕೋಶದ ಗೋಡೆಯನ್ನು ಆಮ್ಲೀಯಗೊಳಿಸಿ ಸಡಿಲಿಸುತ್ತದೆ, ಒಳಗಿನ ನೀರಿನ ಒತ್ತಡಕ್ಕೆ ಕೋಶ ಹಿಗ್ಗುತ್ತದೆ. ಪ್ರಮಾಣ ಮಿತಿಮೀರಿದಾಗ ಗಿಡ ಎಥಿಲೀನ್ ಅನಿಲವನ್ನು ಹೆಚ್ಚು ತಯಾರಿಸತೊಡಗುತ್ತದೆ, ಅದು ಉದ್ದ ಬೆಳವಣಿಗೆಗೆ ತಡೆಯೊಡ್ಡುತ್ತದೆ. ಸಹಜ ಆಕ್ಸಿನ್ ಹೆಚ್ಚಾದರೆ ಅದನ್ನು ಒಡೆದುಹಾಕುವ ವ್ಯವಸ್ಥೆ ಗಿಡದಲ್ಲೇ ಇದೆ. 1940ರ ದಶಕದಲ್ಲಿ ಬಂದ 2,4-ಡಿ ಎಂಬ ಕೃತಕ ಆಕ್ಸಿನ್ ಅಷ್ಟು ಸುಲಭವಾಗಿ ಒಡೆಯುವಂಥದ್ದಲ್ಲ. ಅದನ್ನು ಸಿಂಪಡಿಸಿದರೆ ಅಗಲ ಎಲೆಯ ಗಿಡಗಳು ಅಡ್ಡಾದಿಡ್ಡಿ ತಿರುಚಿಕೊಂಡು ಸಾಯುತ್ತವೆ. ಜೋಳ, ಕಬ್ಬಿನಂಥ ಹುಲ್ಲಿನ ಜಾತಿಯವು ತಡೆದುಕೊಳ್ಳುತ್ತವೆ. ಹಾಗಾಗಿಯೇ ಅದು ಕಬ್ಬಿನ ಗದ್ದೆಯಲ್ಲಿ ಕಳೆನಾಶಕ. ಗಾಳಿಗೆ ತೇಲಿ ಪಕ್ಕದ ಹೊಲ ಸೇರಿದ ಅಲ್ಪ ಪ್ರಮಾಣವೇ ಹತ್ತಿ ಗಿಡದ ಎಲೆಗಳನ್ನು ಸೀಳಿದಂತೆ ಕಿರಿದಾಗಿಸುತ್ತದೆ. ದ್ರಾಕ್ಷಿಗೂ ಇದೇ ಗತಿ.

ನಮ್ಮ ತೋಟಗಳಿಗೆ ಹಾರ್ಮೋನು ಹೊಸದಲ್ಲ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಕಾಯಿ ಉದ್ದವಾಗಲೆಂದು ಗಿಬ್ಬರೆಲಿನ್ ಎಂಬ ಹಾರ್ಮೋನು ಬಳಸುತ್ತಾರೆ. ಮೆಣಸಿನಕಾಯಿ, ಮಾವಿನಲ್ಲಿ ಹೂ, ಕಾಯಿ ಉದುರದಿರಲೆಂದು ಎನ್‌ಎಎ ಎಂಬ ಇನ್ನೊಂದು ಕೃತಕ ಆಕ್ಸಿನ್ ಸಿಂಪಡಿಸುವುದುಂಟು. ಅಂಗಡಿಯಲ್ಲಿ ಇಂಥವನ್ನೆಲ್ಲ ‘ಟಾನಿಕ್’ ಎಂದೇ ಕೇಳುತ್ತೇವೆ. ತೊಂದರೆ ಶುರುವಾಗುವುದು ಇಲ್ಲೇ. ಟಾನಿಕ್ ಎಂದೊಡನೆ ತುಸು ಜಾಸ್ತಿ ಹಾಕಿದರೆ ಒಳ್ಳೆಯದೇ ಎಂಬ ಭಾವನೆ ಬರುತ್ತದೆ. ಆದರೆ ಗೊಬ್ಬರ ಗಿಡಕ್ಕೆ ಆಹಾರ, ಹಾರ್ಮೋನು ಅಪ್ಪಣೆ. ಅದೇ ಎನ್‌ಎಎಯನ್ನು ಸೇಬಿನ ತೋಟದಲ್ಲಿ ಎಳೆಗಾಯಿ ಉದುರಿಸಿ ತೆಳುಗೊಳಿಸಲು ಬಳಸುತ್ತಾರೆ, ಕೊಯ್ಲಿಗೆ ಮುಂಚೆ ಹಣ್ಣು ಉದುರದಂತೆ ತಡೆಯಲೂ ಬಳಸುತ್ತಾರೆ. ಅಳತೆ ಮತ್ತು ಹೊತ್ತು ಬದಲಾದರೆ ಅಪ್ಪಣೆಯೇ ಬದಲಾಗುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಪಿಪಿಎಂ ಎಂದರೆ ಲೀಟರಿಗೆ ಒಂದು ಮಿಲಿಗ್ರಾಂ. ಶೇಕಡಾ 4.5ರ ಎನ್‌ಎಎ ದ್ರಾವಣದಿಂದ 20 ಪಿಪಿಎಂ ಮಾಡಲು 10 ಲೀಟರ್ ನೀರಿಗೆ ನಾಲ್ಕೂವರೆ ಮಿಲಿಲೀಟರ್ ಸಾಕು. ಬಾಟಲಿಯ ಮುಚ್ಚಳ ಇದಕ್ಕೆ ಅಳತೆಯಲ್ಲ. ನಿಮ್ಮ ಬೆಳೆಗೆ ಎಷ್ಟು, ಯಾವಾಗ ಎಂಬುದನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಔಷಧ ಅಳೆಯಲೆಂದೇ ಒಂದು ಸಿರಿಂಜನ್ನು ಬೇರೆಯಾಗಿ ಇಟ್ಟುಕೊಳ್ಳಿ.