ದೋಣಿ ಕಂಡವರಿಗೆ ವಿಮಾನ ಕಾಣಲಿಲ್ಲ

2023ರ ಮಾರ್ಚ್‌ನಲ್ಲಿ ಬ್ರಿಟನ್ ಪ್ರಧಾನಿ ರಿಷಿ ಸುನಕ್ ಪತ್ರಕರ್ತರೆದುರು ನಿಂತಾಗ ಪೋಡಿಯಂ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಸ್ಟಾಪ್ ದಿ ಬೋಟ್ಸ್’ ಎಂದು ಬರೆದಿತ್ತು. ದೋಣಿಗಳನ್ನು ತಡೆಯಿರಿ! ಫ್ರಾನ್ಸಿನ ದಡದಿಂದ ರಬ್ಬರ್ ದೋಣಿಗಳಲ್ಲಿ ಜೀವ ಕೈಯಲ್ಲಿ ಹಿಡಿದು ಇಂಗ್ಲಿಷ್ ಕಾಲುವೆ ದಾಟುವವರ ಮೇಲಿನ ಮಾತು ಅದು. ಹೇಳಿದವರ ಅಜ್ಜ-ಅಜ್ಜಿ ಪಂಜಾಬಿನಿಂದ ಪೂರ್ವ ಆಫ್ರಿಕಾಕ್ಕೆ ಹೋದವರು, ಅಪ್ಪ-ಅಮ್ಮ ಅಲ್ಲಿಂದ ಇಂಗ್ಲೆಂಡಿಗೆ ಬಂದವರು. ಹೆಂಡತಿ ಅಕ್ಷತಾ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಸುನಕ್ ಮಾತಿಗೂ ಕೆಲವು ತಿಂಗಳ ಮೊದಲು ಗೃಹ ಸಚಿವೆ ಸುವೆಲ್ಲಾ ಬ್ರೇವರ್ಮನ್ ಸಂಸತ್ತಿನಲ್ಲಿ ಈ ದೋಣಿಗಳ ಬರವನ್ನೇ ‘ಆಕ್ರಮಣ’ ಎಂದಿದ್ದರು. ಅವರ ತಂದೆ ಬಂದದ್ದು ಕೆನ್ಯಾದಿಂದ, ತಾಯಿ ಮಾರಿಷಸ್‌ನಿಂದ.

ಬೂಟಾಟಿಕೆ ಎಂದು ಮೂಗು ಮುರಿಯುವುದು ಸುಲಭ. ಲೆಕ್ಕ ತೆಗೆದರೆ ಕಾಣುವುದು ಬೇರೆಯೇ. ಆ ವರ್ಷ ದೋಣಿಯಲ್ಲಿ ಬಂದವರು ಸುಮಾರು 29 ಸಾವಿರ. ಅದೇ ವರ್ಷದ ಜೂನ್‌ಗೆ ಮುಗಿದ 12 ತಿಂಗಳಲ್ಲಿ, ಬಂದವರಿಂದ ಹೋದವರನ್ನು ಕಳೆದರೆ ಉಳಿಯುವ ನಿವ್ವಳ ವಲಸೆ 9 ಲಕ್ಷ ದಾಟಿತ್ತು. ಈ ಲಕ್ಷಗಟ್ಟಲೆ ಜನರಲ್ಲಿ ಹೆಚ್ಚಿನವರು ಅದೇ ಸರ್ಕಾರ ಕೊಟ್ಟ ವೀಸಾ ಹಿಡಿದು ವಿಮಾನದಲ್ಲಿ ಬಂದಿಳಿದವರು: ವಿದ್ಯಾರ್ಥಿಗಳು, ನರ್ಸ್‌ಗಳು, ಮುದುಕರ ಆರೈಕೆಗೆ ಬಂದವರು, ಸಾಫ್ಟ್‌ವೇರ್‌ನವರು. ಅವರಲ್ಲಿ ಭಾರತೀಯರದೇ ದೊಡ್ಡ ಪಾಲು. ಸೂಟ್‌ಕೇಸ್ ಎಳೆದುಕೊಂಡು ಹೀಥ್ರೂನಿಂದ ಹೊರಬರುವ ನರ್ಸಮ್ಮ ಟೀವಿಯ ಸುದ್ದಿಯಾಗುವುದಿಲ್ಲ. ಅಲೆಯ ಮೇಲೆ ಹೊಯ್ದಾಡುವ ದೋಣಿ ಆಗುತ್ತದೆ. ರಾಜಕಾರಣಿಯ ನಾಲಿಗೆ ದೋಣಿಯನ್ನೇ ಹಿಡಿಯುತ್ತದೆ.

ಈ ನಾಲಿಗೆಗೆ ಹಳೆಯ ಮೇಷ್ಟ್ರೊಬ್ಬರಿದ್ದಾರೆ, ಎನೋಕ್ ಪೊವೆಲ್. ಗ್ರೀಕ್ ಪಂಡಿತ, ಯುದ್ಧಕಾಲದಲ್ಲಿ ಭಾರತದಲ್ಲಿದ್ದಾಗ ಉರ್ದು ಕಲಿತು, ಒಂದು ದಿನ ಇಲ್ಲಿನ ವೈಸ್‌ರಾಯ್ ಆಗುವ ಕನಸು ಕಂಡಿದ್ದವರು. 1960ರಿಂದ 63ರವರೆಗೆ ಅವರು ಆರೋಗ್ಯ ಸಚಿವರಾಗಿದ್ದಾಗ ಬ್ರಿಟನ್ನಿನ ಆಸ್ಪತ್ರೆಗಳು ಭಾರತ, ಪಾಕಿಸ್ತಾನಗಳಿಂದ ಬಂದ ವೈದ್ಯರನ್ನು ನೆಚ್ಚಿಕೊಂಡಿದ್ದವು. ಅದೇ ಪೊವೆಲ್ 1968ರ ಏಪ್ರಿಲ್ 20ರಂದು ಬರ್ಮಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ವಲಸೆಯ ವಿರುದ್ಧ ಮಾಡಿದ ಭಾಷಣ ಇವತ್ತಿಗೂ ‘ರಕ್ತದ ನದಿಗಳು’ ಎಂದೇ ಪ್ರಸಿದ್ಧ. ಕೌತುಕವೆಂದರೆ ಆ ಪದಪುಂಜ ಭಾಷಣದಲ್ಲಿ ಇಲ್ಲವೇ ಇಲ್ಲ. ರೋಮನ್ ಕವಿ ವರ್ಜಿಲ್‌ನ ಕಾವ್ಯದಲ್ಲಿ ಬರುವ, ರಕ್ತದಿಂದ ತುಂಬಿದ ಟೈಬರ್ ನದಿಯನ್ನು ಅವರು ನೆನೆದಿದ್ದರು, ಅಷ್ಟೇ. ಜನ ತಮಗೆ ಬೇಕಾದಂತೆ ಭಟ್ಟಿ ಇಳಿಸಿಕೊಂಡರು.

ಭಾಷಣದ ನಿಜವಾದ ಕೈಚಳಕ ಇದ್ದದ್ದು ನದಿಯಲ್ಲಲ್ಲ. ತೀರಾ ಕಟುವಾದ ಮಾತುಗಳನ್ನು ಪೊವೆಲ್ ಸ್ವತಃ ಆಡಲೇ ಇಲ್ಲ. ತಮ್ಮ ಕ್ಷೇತ್ರದ ಒಬ್ಬ ಸಾಮಾನ್ಯ ಕೆಲಸಗಾರನ ಬಾಯಲ್ಲಿ, ಪತ್ರವೊಂದರಲ್ಲಿ ಬಂದ ಒಂಟಿ ಮುದುಕಿಯ ಕಥೆಯಲ್ಲಿ ಇಟ್ಟು ಹೇಳಿದರು. ‘ನಾನಲ್ಲಪ್ಪ, ಊರವರು ಅಂತಿದಾರೆ’ ಎಂಬ ನಮ್ಮ ಕಟ್ಟೆ ಪಂಚಾಯ್ತಿಯ ವರಸೆಯೇ. ಪಕ್ಷದ ನಾಯಕ ಎಡ್ವರ್ಡ್ ಹೀತ್ ಮರುದಿನವೇ ಅವರನ್ನು ವಿರೋಧ ಪಕ್ಷದ ‘ನೆರಳು ಸಂಪುಟ’ದಿಂದ ಕಿತ್ತುಹಾಕಿದರು. ಆದರೆ ಎರಡೇ ದಿನದಲ್ಲಿ ಲಂಡನ್ನಿನ ಬಂದರು ಕಾರ್ಮಿಕರು ಪೊವೆಲ್ ಪರವಾಗಿ ಸಂಸತ್ತಿನತ್ತ ಮೆರವಣಿಗೆ ಹೊರಟರು.

ಹತ್ತು ವರ್ಷದ ನಂತರ, 1978ರ ಜನವರಿಯಲ್ಲಿ, ವಿರೋಧ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಟೀವಿ ಸಂದರ್ಶನದಲ್ಲಿ ಅದೇ ವರಸೆ ಹಿಡಿದರು. ಬೇರೆ ಸಂಸ್ಕೃತಿಯವರಿಂದ ದೇಶ ಮುಳುಗಿಹೋದೀತೆಂದು ‘ಜನ ಹೆದರಿದ್ದಾರೆ’ ಎಂದರು. ಮುಳುಗುವುದು, ಉಕ್ಕುವುದು, ಅಲೆ, ಪ್ರವಾಹ: ವಲಸೆಯ ಮಾತು ಬಂದರೆ ನೀರು ಬಂದೇ ಬರುತ್ತದೆ. ನೀರಿಗೆ ಮುಖವಿಲ್ಲ, ಹೆಸರಿಲ್ಲ. ಅದಕ್ಕೆ ಒಡ್ಡು ಕಟ್ಟಿದರೆ ಯಾರೂ ಬೈಯುವುದಿಲ್ಲ. ನೀರು ಸಾಲದಿದ್ದರೆ ಹುಳ. 2015ರಲ್ಲಿ ಪ್ರಧಾನಿ ಡೇವಿಡ್ ಕ್ಯಾಮರನ್ ಬಳಸಿದ್ದು, ಜೇನ್ನೊಣ ಮಿಡತೆಗಳ ದಂಡಿಗೆ ಇಂಗ್ಲಿಷಿನಲ್ಲಿರುವ ಪದವನ್ನು. ನಾವೂ ಹಿಂದೆ ಬಿದ್ದವರಲ್ಲ: 2018ರಲ್ಲಿ ಅಂದಿನ ಬಿಜೆಪಿ ಅಧ್ಯಕ್ಷ ಅಮಿತ್ ಶಾ ಬಾಂಗ್ಲಾ ನುಸುಳುಕೋರರನ್ನು ಗೆದ್ದಲು ಎಂದಿದ್ದರು. ಕನ್ನಡದಲ್ಲೇ ನೋಡಿ. ರಾಯಚೂರಿನ ಕೂಲಿ ಬೆಂಗಳೂರಿಗೆ ‘ಗುಳೆ’ ಹೋಗುತ್ತಾನೆ. ಬೆಂಗಳೂರಿನ ಇಂಜಿನಿಯರ್ ‘ಫಾರಿನ್ನಿಗೆ’ ಹೋಗುತ್ತಾನೆ. ಇಬ್ಬರೂ ಹೊರಟದ್ದು ದುಡಿಮೆಗೇ.

ಇವೆಲ್ಲ ಬರೀ ಮಾತಾಗಿ ಉಳಿಯುವುದಿಲ್ಲ ಎನ್ನುವುದಕ್ಕೆ ವಿಂಡ್‌ರಷ್ ಪ್ರಕರಣವಿದೆ. ಅಕ್ರಮ ವಲಸಿಗರಿಗೆ ‘ಪ್ರತಿಕೂಲ ವಾತಾವರಣ’ ಸೃಷ್ಟಿಸುತ್ತೇವೆ ಎಂದು 2012ರಲ್ಲಿ ಗೃಹ ಸಚಿವೆ ಥೆರೆಸಾ ಮೇ ಹೇಳಿದರು. 2014 ಮತ್ತು 2016ರ ಕಾಯ್ದೆಗಳು ಆ ಮಾತಿಗೆ ಕೈಕಾಲು ಕೊಟ್ಟವು. ಮನೆ ಬಾಡಿಗೆಗೆ ಕೊಡುವವರು, ಬ್ಯಾಂಕಿನವರು, ಕೆಲಸ ಕೊಡುವವರು ಎಲ್ಲರೂ ಕಾಗದ ಕೇಳತೊಡಗಿದರು. ಸಿಕ್ಕಿಬಿದ್ದವರು ಮಾತ್ರ ಬೇರೆ ಯಾರೋ. 1948ರಲ್ಲಿ ‘ಎಂಪೈರ್ ವಿಂಡ್‌ರಷ್’ ಹಡಗು ಬಂದಂದಿನಿಂದ ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದ, ಕಾನೂನಿನಂತೆ ಅಲ್ಲಿರುವ ಹಕ್ಕಿದ್ದ ಜನ! ಮಕ್ಕಳಾಗಿ ಬಂದಿದ್ದ ಅವರ ಬಳಿ ಕಾಗದ ಇರಲಿಲ್ಲ. ಎಷ್ಟೋ ಮಂದಿಯ ಹಡಗಿಳಿದ ಚೀಟಿಗಳನ್ನು ಗೃಹ ಇಲಾಖೆಯೇ 2010ರಲ್ಲಿ ನಾಶ ಮಾಡಿತ್ತು. ಕೆಲಸ ಹೋಯಿತು, ಚಿಕಿತ್ಸೆ ತಪ್ಪಿತು, ಕೆಲವರನ್ನು ಗಡಿಪಾರೂ ಮಾಡಲಾಯಿತು. 2018ರಲ್ಲಿ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ನಂತರ ಬಂದ ಸಾಜಿದ್ ಜಾವಿದ್, ಪಾಕಿಸ್ತಾನದಿಂದ ಬಂದ ಬಸ್ ಚಾಲಕರ ಮಗ, ‘ಪ್ರತಿಕೂಲ’ ಎಂಬ ಪದ ತಮಗೆ ಒಗ್ಗದು, ‘ನಿಯಮ ಪಾಲನೆಯ ವಾತಾವರಣ’ ಎನ್ನೋಣ ಎಂದರು. ಬೋರ್ಡು ಬದಲಾಯಿತು, ಕಾಯ್ದೆಗಳು ಇದ್ದಲ್ಲೇ ಇದ್ದವು.

2025ರ ಮೇ 12ರಂದು ಲೇಬರ್ ಪಕ್ಷದ ಪ್ರಧಾನಿ ಕೀರ್ ಸ್ಟಾರ್ಮರ್ ಹೊಸ ವಲಸೆ ನೀತಿ ಪ್ರಕಟಿಸುತ್ತ, ಬ್ರಿಟನ್ ‘ಅಪರಿಚಿತರ ದ್ವೀಪ’ ಆಗುವ ಅಪಾಯವಿದೆ ಎಂದರು. ಸ್ವಂತ ದೇಶದಲ್ಲೇ ಅಪರಿಚಿತರಾದೆವು ಎಂಬ ಪೊವೆಲ್‌ರ ಮಾತು ಹಲವರಿಗೆ ತಟ್ಟನೆ ನೆನಪಾಯಿತು. ಆ ಪ್ರತಿಧ್ವನಿ ತಮಗಾಗಲಿ ಭಾಷಣ ಬರೆದವರಿಗಾಗಲಿ ಗೊತ್ತಿರಲಿಲ್ಲ, ಹಾಗೆ ಹೇಳಿದ್ದಕ್ಕೆ ತೀವ್ರ ವಿಷಾದವಿದೆ ಎಂದು ಜೂನ್‌ನಲ್ಲಿ ಸ್ಟಾರ್ಮರ್ ಒಪ್ಪಿಕೊಂಡರು. ಜುಲೈನಲ್ಲಿ, ವೃದ್ಧರ ಆರೈಕೆಗೆಂದು ಹೊರದೇಶದಿಂದ ಹೊಸಬರನ್ನು ಕರೆಸಿಕೊಳ್ಳುವ ವೀಸಾ ದಾರಿಯನ್ನು ಅವರ ಸರ್ಕಾರ ಮುಚ್ಚಿತು.