ಗುರಿಕಾರನ ಬಂದೂಕು: ಶಾಂತಿಕಾಲದ ಮರೆವು

ರಕ್ಷಣಾ ಆಯವ್ಯಯದ ಚರ್ಚೆಯಲ್ಲಿ ವಿಮಾನ, ಟ್ಯಾಂಕುಗಳಿಗೆ ದೊರೆಯುವ ಗಮನ ಸ್ನೈಪರ್ ಬಂದೂಕಿನಂಥ ಸಣ್ಣ ಬಾಬ್ತಿಗೆ ದೊರೆಯುವುದಿಲ್ಲ. ಕದನ ಆರಂಭವಾದಾಗ ಅದರ ಕೊರತೆ ಎದ್ದುಕಾಣುತ್ತದೆ; ಮುಗಿದೊಡನೆ ಮರೆತುಹೋಗುತ್ತದೆ. ಈ ಬಂದೂಕಿನ ಚರಿತ್ರೆ ಬಹುಮಟ್ಟಿಗೆ ಈ ಮರೆವಿನ ಚರಿತ್ರೆಯೇ ಆಗಿದೆ.

1857ರ ಪರೀಕ್ಷೆಯಲ್ಲಿ ಬ್ರಿಟನ್ನಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ರೂಪಿಸಿದ, ನಳಿಗೆಯ ಒಳಮೈ ಷಟ್ಕೋನವಾಗಿದ್ದ ಬಂದೂಕು ನಿಖರತೆಯಲ್ಲಿ ಎನ್‌ಫೀಲ್ಡನ್ನು ಹಿಂದಿಕ್ಕಿತು. ಬೆಲೆ ಹೆಚ್ಚು, ನಳಿಗೆಯಲ್ಲಿ ಮದ್ದಿನ ಮಸಿ ಬೇಗ ಕಟ್ಟಿಕೊಳ್ಳುತ್ತದೆ ಎಂಬ ಕಾರಣಗಳಿಂದ ಸರ್ಕಾರ ಅದನ್ನು ಕೈಬಿಟ್ಟಿತು. ಅದರ ಸಾಮರ್ಥ್ಯವನ್ನು ರಣರಂಗದಲ್ಲಿ ತೋರಿಸಿದವರು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ರಾಜ್ಯಗಳ ಗುರಿಕಾರರು.

1914ರಲ್ಲಿ ಜರ್ಮನ್ನರು ದೂರದರ್ಶಕ ಅಳವಡಿಸಿದ ಬಂದೂಕುಗಳೊಡನೆ ಕಂದಕಗಳಿಗೆ ಇಳಿದಾಗ ಬ್ರಿಟಿಷರ ಬಳಿ ತಕ್ಕ ಉತ್ತರವಿರಲಿಲ್ಲ. ಬೇಟೆಗಾರರಾಗಿದ್ದ ಹೆಸ್ಕೆತ್ ಪ್ರಿಚರ್ಡ್ 1916ರಲ್ಲಿ ಫ್ರಾನ್ಸಿನಲ್ಲಿ ತರಬೇತಿ ಶಾಲೆಯನ್ನು ತೆರೆದರು. ಗುಂಡು ಹಾರಿಸುವುದಷ್ಟೇ ಅಲ್ಲ, ತಾಳ್ಮೆಯಿಂದ ವೀಕ್ಷಿಸುವುದೂ ಅಲ್ಲಿ ಪಾಠವಾಗಿತ್ತು. ಯುದ್ಧಾನಂತರ ಆ ವ್ಯವಸ್ಥೆ ಸೊರಗಿತು. ವಿಯೆಟ್ನಾಂನಲ್ಲಿ ಅಮೆರಿಕದ ಮರೀನ್ ಪಡೆಯೂ ಇದೇ ಪಾಠವನ್ನು ಹೊಸದಾಗಿ ಕಲಿಯಬೇಕಾಯಿತು. 1966ರಲ್ಲಿ ಅದು ರೆಮಿಂಗ್ಟನ್ 700 ಎಂಬ ಬೇಟೆಯ ಬಂದೂಕನ್ನೇ ಎಂ40 ಹೆಸರಿನಲ್ಲಿ ಸ್ವೀಕರಿಸಿತು. ಸೋವಿಯತ್ ಒಕ್ಕೂಟ ಮಾತ್ರ 1963ರಲ್ಲಿ ದ್ರಾಗುನೊವ್ ಬಂದೂಕನ್ನು ಅಂಗೀಕರಿಸಿ, ಗುರಿಕಾರನಿಗೆ ಕಾಲಾಳುಪಡೆಯೊಳಗೇ ಸ್ಥಿರವಾದ ಸ್ಥಾನ ನೀಡಿತು.

ನಮ್ಮ ಸೇನೆಯೂ ದೀರ್ಘಕಾಲ ದ್ರಾಗುನೊವ್ ಬಂದೂಕನ್ನೇ ನೆಚ್ಚಿಕೊಂಡಿತ್ತು. 5,719 ಹೊಸ ಸ್ನೈಪರ್ ಬಂದೂಕುಗಳಿಗಾಗಿ 2018ರಲ್ಲಿ ಕರೆದ ಟೆಂಡರನ್ನು 2019ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಬಳಿಕ ಗಡಿ ನಿಯಂತ್ರಣ ರೇಖೆಯ ಪಡೆಗಳಿಗೆ ಫಿನ್‌ಲೆಂಡಿನ ಸಾಕೊ ಬಂದೂಕುಗಳು ಬಂದವು. ಈಗ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದು ಈ ಬಗೆಯ ಬಂದೂಕುಗಳನ್ನು ತಯಾರಿಸುತ್ತಿರುವುದು ಸಮಾಧಾನದ ಸಂಗತಿ.

ಆದರೆ ಬಂದೂಕು ಕೊಂಡರಷ್ಟೇ ಗುರಿಕಾರ ಸಿದ್ಧನಾಗುವುದಿಲ್ಲ. ನಿಖರ ಗುಂಡು, ಒಳ್ಳೆಯ ದೂರದರ್ಶಕ, ವರ್ಷಗಳ ಅಭ್ಯಾಸ ಇವೂ ಬೇಕು. ಖರೀದಿಯ ಹಣ ಬಂಡವಾಳ ವೆಚ್ಚಕ್ಕೆ ಸೇರುತ್ತದೆ. ಅಭ್ಯಾಸದ ಖರ್ಚು ರಾಜಸ್ವ ವೆಚ್ಚಕ್ಕೆ. ಮಿತವ್ಯಯದ ಕತ್ತರಿ ಮೊದಲು ಬೀಳುವುದು ಎರಡನೆಯದರ ಮೇಲೆ ಎಂಬುದು ಆಯವ್ಯಯದ ಕಡತಗಳನ್ನು ಬಲ್ಲವರಿಗೆಲ್ಲ ತಿಳಿದಿದೆ. ಹಾಗೆ ಉಳಿಸಿದ ಅಲ್ಪ ಹಣಕ್ಕೆ ಬೆಲೆ ತೆರುವವನು ಗಡಿಯ ಕಾವಲು ಠಾಣೆಯಲ್ಲಿ ನಿಂತ ಸೈನಿಕ. ಆದ್ದರಿಂದ ತರಬೇತಿ ಹಾಗೂ ಮದ್ದುಗುಂಡಿಗೆ ಮೀಸಲಾದ, ಕಡಿತಕ್ಕೆ ಒಳಪಡದ ಅನುದಾನವನ್ನು ಶಾಂತಿಕಾಲದಲ್ಲೇ ನಿಗದಿಪಡಿಸುವುದು ವಿವೇಕ.